ಬಂದು ಹೋದವರ ಲೆಕ್ಕ, ಬಾರದವರ ಲೆಕ್ಕ

ಶಿರಸಿ ಮತ್ತು ಸಿದ್ದಾಪುರದ ನಡುವಿನ ಒಂದು ಅಡಿಕೆ ತೋಟದ ಮನೆಯಲ್ಲಿ 2021ರ ಮೇ ತಿಂಗಳಿನಿಂದ ಮುಂದಿನ ಫೆಬ್ರುವರಿವರೆಗೆ ನಡೆದ, ಕೊರೊನಾ ಬಂದು ಹೋದವರಿಗೂ ಲಸಿಕೆ ಬೇಕೇ ಎಂಬ ಪ್ರಶ್ನೆಯ ಪ್ರಕರಣ ಇದು. ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಿರಲೆಂದು ವಯಸ್ಸು, ನೆಂಟಸ್ತಿಕೆ, ಊರಿನ ಕೆಲವು ವಿವರಗಳನ್ನು ಬದಲಿಸಿದ್ದೇನೆ. ನಾನು ವೈದ್ಯನಲ್ಲ. ಆರೋಗ್ಯ ಇಲಾಖೆಯ ಕ್ಷೇತ್ರ ಸಿಬ್ಬಂದಿಯಾಗಿ ಮೂವತ್ತು ವರ್ಷ ಘಟ್ಟದ ಮೇಲೂ ಕೆಳಗೂ ಓಡಾಡಿ, ಕೊರೊನಾ ಬರುವ ಹೊತ್ತಿಗೆ ನಿವೃತ್ತನಾಗಿದ್ದವನು. ಆ ಮನೆಯ ಜಗುಲಿಯಲ್ಲಿ ಕವಳ ಹಾಕುತ್ತ ಕಳೆದ ಸಂಜೆಗಳಿಗೆ ಲೆಕ್ಕವಿಲ್ಲ. ಆ ಸಲಿಗೆ ಇಲ್ಲದಿದ್ದರೆ ಈ ಪ್ರಕರಣ ಒಂದು ಲಸಿಕೆ ‘ನಿರಾಕರಣೆ’ ಎಂದು ನಮೂದಾಗಿ ಮುಗಿಯುತ್ತಿತ್ತು.

ಹಿನ್ನೆಲೆ

ಮನೆಯಲ್ಲಿ ಏಳು ಜನ. ಯಜಮಾನರಿಗೆ 61 ವರ್ಷ, ಅವರ ತಾಯಿಗೆ 84. ಯಜಮಾನರ ಹೆಂಡತಿ, ತಮ್ಮ, ತಮ್ಮನ ಹೆಂಡತಿ, ಬೆಂಗಳೂರಿನ ಕಂಪನಿಯ ಕೆಲಸವನ್ನು ಅಟ್ಟದ ಮೇಲೆ ಕುಳಿತು ಮಾಡುತ್ತಿದ್ದ ಮಗ, ಸೊಸೆ. ಯಜಮಾನರು ಪದವೀಧರರು, ಸೊಸೈಟಿಯ ಲೆಕ್ಕಪತ್ರ ನೋಡಿದವರು. ಅಂಕಿ ಕಂಡರೆ ಕನ್ನಡಕ ಒರೆಸಿಕೊಳ್ಳುವ ಜಾತಿ.

ಒಮ್ಮೆ ಬಂದು ಹೋದ ಕಾಯಿಲೆ ಮತ್ತೆ ಬಾರದು ಎಂಬ ಅವರ ವಾದ ಹುಟ್ಟಿದ್ದು ಕೊರೊನಾದಿಂದಲ್ಲ, ಮಂಗನ ಕಾಯಿಲೆಯಿಂದ. 1982ರಲ್ಲಿ ಸೊರಬದ ಕಡೆಯ ಅಕ್ಕನ ಮನೆಗೆ ಕೆಲಸಕ್ಕೆ ಹೋಗಿದ್ದಾಗ ಅವರಿಗೆ ಅದು ತಗಲಿತ್ತು. 1957ರಲ್ಲಿ ಈ ರೋಗವನ್ನು ಮೊದಲು ಗುರುತಿಸಿದ ಕ್ಯಾಸನೂರು ಕಾಡು ಅದೇ ತಾಲ್ಲೂಕಿನದು. ಸೊಂಟ ಮುರಿಯುವಂತಹ ನೋವು, ಒಸಡಿನಲ್ಲಿ ರಕ್ತ, ಜ್ವರ ಇಳಿದು ವಾರ ಕಳೆಯುವಷ್ಟರಲ್ಲಿ ಮತ್ತೊಂದು ಸುತ್ತು. ಬದುಕಿದರು. ಆಮೇಲೆ ನಲವತ್ತು ವರ್ಷ ಪ್ರತಿ ಬೇಸಿಗೆಯಲ್ಲೂ ಸೊಪ್ಪಿನ ಬೆಟ್ಟಕ್ಕೆ ಹೋಗಿ ದರಕು (ಒಣ ಎಲೆ) ಗುಡಿಸಿದ್ದಾರೆ, ಈ ಕಾಯಿಲೆ ಹರಡುವ ಉಣುಗನ್ನು (ಉಣ್ಣೆಯನ್ನು) ಮೈತುಂಬ ಕಚ್ಚಿಸಿಕೊಂಡಿದ್ದಾರೆ. ಕಾಯಿಲೆ ಮರಳಿ ಬರಲಿಲ್ಲ.

ತಮ್ಮನ ಕಥೆ ಬೇರೆ. ಅವರಿಗೆ ಮಂಗನ ಕಾಯಿಲೆಯ ಲಸಿಕೆಯ ಎರಡು ಡೋಸ್ ಚುಚ್ಚಿದವನು ನಾನೇ. ಆ ಚುಚ್ಚುಮದ್ದು ವಿಪರೀತ ನೋಯುತ್ತಿತ್ತು. ಬೂಸ್ಟರ್‌ಗೆ ಬನ್ನಿ ಎಂದಾಗ ಅರ್ಧ ಊರು ತೋಟದ ಕೆಳತುದಿಯಲ್ಲಿ ಮಾಯವಾಗುತ್ತಿತ್ತು. ತಮ್ಮನೂ ಮಾಯವಾದರು. 2020ರ ಫೆಬ್ರುವರಿಯಲ್ಲಿ ಅವರಿಗೆ ಮಂಗನ ಕಾಯಿಲೆ ಬಂತು. ಹಾಗಾಗಿ ಯಜಮಾನರ ಕಣ್ಣಮುಂದೆ ಎರಡು ಸಾಕ್ಷಿಗಳಿದ್ದವು. ಕಾಯಿಲೆ ಬಂದು ಹೋದವನು ನಲವತ್ತು ವರ್ಷ ಗಟ್ಟಿಯಾಗಿದ್ದಾನೆ. ಲಸಿಕೆ ಹಾಕಿಸಿಕೊಂಡವನು ಎರಡು ವರ್ಷದಲ್ಲಿ ಮಲಗಿದ್ದಾನೆ.

2021ರ ಮೇ ತಿಂಗಳಲ್ಲಿ ಕೊರೊನಾದ ಎರಡನೆಯ ಅಲೆ ತೋಟದ ಮನೆಗಳಿಗೂ ಹೊಕ್ಕಿತು. ಯಜಮಾನರು, ಮಗ, ಸೊಸೆ ಮೂವರಿಗೂ ಪಾಸಿಟಿವ್. ಯಜಮಾನರಿಗೆ ಒಂಬತ್ತು ದಿನ ಜ್ವರ. ಒಂದು ರಾತ್ರಿ ರಕ್ತದ ಆಮ್ಲಜನಕ ಅಳೆಯುವ ಬೆರಳಿನ ಯಂತ್ರ 92 ತೋರಿಸಿತು. ಬೆಳಗಾಗುವಷ್ಟರಲ್ಲಿ ಏರಿತು. ಅದೇ ವಾರ ತೋಟದ ಆಚೆಯ ಮನೆಯ, ಹೆಚ್ಚುಕಡಿಮೆ ಅವರದೇ ವಯಸ್ಸಿನ ಒಬ್ಬರನ್ನು ಹುಬ್ಬಳ್ಳಿಗೆ ಒಯ್ದರು. ಅವರು ಮರಳಲಿಲ್ಲ. ಈ ನೆರೆಯವರ ಮಾತು ಮುಂದೆ ಮತ್ತೆ ಬರುತ್ತದೆ.

ಪ್ರಶ್ನೆ ಎದ್ದದ್ದು

ಗುಣವಾದ ಮೂರು ತಿಂಗಳ ನಂತರ ಲಸಿಕೆ ಪಡೆಯಬಹುದು ಎಂದು ಕೇಂದ್ರ ಸರ್ಕಾರ ಆ ಮೇ ತಿಂಗಳಲ್ಲೇ ಹೇಳಿತ್ತು. ಆ ಲೆಕ್ಕದಲ್ಲಿ ಆಗಸ್ಟ್ ಕೊನೆಗೆ ಯಜಮಾನರ ಸರದಿ. ಶಾಲೆಯಲ್ಲಿ ಶಿಬಿರ ಇತ್ತು. ಆಶಾ ಕಾರ್ಯಕರ್ತೆ ಪಟ್ಟಿ ಹಿಡಿದು ಎರಡು ಬಾರಿ ಬಂದರು. ಎರಡು ಬಾರಿಯೂ ಅವರಿಗೆ ಮಜ್ಜಿಗೆ ಸಿಕ್ಕಿತು, ತೋಳು ಸಿಗಲಿಲ್ಲ. ಆಕೆ ನನ್ನ ಬಳಿ ಬಂದು, ‘ನೀವು ಹೇಳಿದರೆ ಕೇಳುತ್ತಾರೆ’ ಎಂದರು.

ಹೋಗಿ ಹೇಳಿದೆ. ನನ್ನ ಮೊದಲ ಪ್ರಯತ್ನ ಕೆಟ್ಟದಾಗಿತ್ತು. ‘ಕಾಯಿಲೆಯಿಂದ ಬರುವ ಶಕ್ತಿಯನ್ನು ನಂಬಲು ಬರುವುದಿಲ್ಲ, ಲಸಿಕೆಯದೇ ಹೆಚ್ಚು ಗಟ್ಟಿ’ ಎಂದುಬಿಟ್ಟೆ. ಕರಪತ್ರದಲ್ಲಿ ಹಾಗೆಯೇ ಇತ್ತು. ಯಜಮಾನರು ಅಡಿಕೆ ಕತ್ತರಿಸುತ್ತಿದ್ದವರು ತಲೆ ಎತ್ತದೆ ಕೇಳಿದರು: ‘ಮಂಗನ ಕಾಯಿಲೆಗೂ ಹಾಗೆಯೋ?’

ನನ್ನಲ್ಲಿ ಉತ್ತರವಿರಲಿಲ್ಲ. ಅವರ ತಮ್ಮನೂ ಪಕ್ಕದಲ್ಲೇ ಕುಳಿತಿದ್ದರು. ಮರುವಾರ ಮಗ ಒಂದು ಪ್ರಬಂಧವನ್ನೇ ಮುದ್ರಿಸಿ ತಂದಿಟ್ಟ. ಇಸ್ರೇಲಿನದು, ಆಗಷ್ಟೇ ಹೊರಬಂದದ್ದು, ಇನ್ನೂ ತಜ್ಞರ ಪರಿಶೀಲನೆಗೆ ಒಳಗಾಗದ ಕರಡು. ಎರಡು ಡೋಸ್ ಫೈಜರ್ ಪಡೆದ, ಎಂದೂ ಸೋಂಕು ತಗಲದಿದ್ದ ಜನರಿಗೆ ಕೊರೊನಾದ ಡೆಲ್ಟಾ ತಳಿ ತಗಲುವ ಸಂಭವ, ಮೊದಲೇ ಸೋಂಕು ಬಂದು ಹೋದ ಲಸಿಕೆರಹಿತರಿಗಿಂತ 13 ಪಟ್ಟು ಹೆಚ್ಚು ಎಂಬುದು ಅದರ ಮುಖ್ಯ ಅಂಕಿ. ಮಗ ಅದರ ಕೆಳಗೆ ಕೆಂಪು ಗೆರೆ ಎಳೆದಿದ್ದ.

ನಾನೂ ಬರಿಗೈಯಲ್ಲಿ ಹೋಗಿರಲಿಲ್ಲ. ಅದೇ ಆಗಸ್ಟ್‌ನಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಅಂಕಿ ಪ್ರಕಟವಾಗಿತ್ತು. 2020ರಲ್ಲಿ ಸೋಂಕು ಬಂದವರ ಪೈಕಿ ಲಸಿಕೆ ಹಾಕಿಸಿಕೊಳ್ಳದವರಿಗೆ ಮತ್ತೆ ಸೋಂಕು ತಗಲುವ ಸಂಭವ ಪೂರ್ಣ ಲಸಿಕೆ ಪಡೆದವರಿಗಿಂತ 2.34 ಪಟ್ಟು ಹೆಚ್ಚು ಎಂದು ಅದು ಹೇಳುತ್ತಿತ್ತು. ಜಗುಲಿಯಲ್ಲಿ ಅವನದೊಂದು ಕಾಗದ, ನನ್ನದೊಂದು ಕಾಗದ. ಯಕ್ಷಗಾನದಲ್ಲಿ ಎರಡು ಕಿರೀಟ ಎದುರುಬದುರು ನಿಂತಂತೆ.

ಸೋಲೊಪ್ಪಿದ ಸಂಜೆ

ಈ ಪ್ರಕರಣದ ಮೊದಲ ತಿರುವು ನಾನು ಸೋಲೊಪ್ಪಿಕೊಂಡದ್ದು. ‘ನಿಮಗೆ ಬಂದು ಹೋದ ಕಾಯಿಲೆ ನಿಮಗೆ ನಿಜವಾದ ರಕ್ಷಣೆ ಕೊಟ್ಟಿದೆ, ನಾನು ಅಂದದ್ದು ತಪ್ಪು’ ಎಂದೆ. ಇಲಾಖೆಯ ಕೆಲಸದಲ್ಲಿದ್ದಿದ್ದರೆ ಹಾಗೆ ಅನ್ನಲು ಧೈರ್ಯ ಬರುತ್ತಿತ್ತೋ ಇಲ್ಲವೋ. ಆ ಮಾತಿನ ನಂತರ ಮಾತ್ರ ಯಜಮಾನರು ಅಡಿಕೆ ಕತ್ತರಿಯನ್ನು ಕೆಳಗಿಟ್ಟರು.

ಆಮೇಲೆ ಒಂದೊಂದೇ ಕಾಯಿಲೆ ತೆಗೆದು ಮಾತಾಡಿದೆವು. ದಡಾರ ಒಮ್ಮೆ ಬಂದರೆ ಜನ್ಮವಿಡೀ ಬಾರದು. ಮಂಗನ ಕಾಯಿಲೆ ಒಬ್ಬರಿಗೇ ಎರಡನೆಯ ಸಲ ಬಂದದ್ದನ್ನು ನನ್ನ ಸೇವೆಯಲ್ಲಿ ನಾನು ಕಂಡಿಲ್ಲ. ಇವೆರಡೂ ರಕ್ತದ ಮೂಲಕ ದೇಹವಿಡೀ ಹರಡುವ ವೈರಸ್‌ಗಳು, ವರ್ಷ ವರ್ಷ ವೇಷ ಬದಲಿಸುವಂಥವಲ್ಲ. ಡೆಂಗಿಯಲ್ಲಿ ಕಥೆ ತಿರುವುಮುರುವು. ಅದರಲ್ಲಿ ನಾಲ್ಕು ವಿಧ. ಒಂದು ಬಂದು ಹೋದರೆ ಅದೇ ವಿಧದ ವಿರುದ್ಧ ರಕ್ಷಣೆ, ಆದರೆ ಮುಂದೆ ಬೇರೆ ವಿಧ ತಗಲಿದಾಗ ಮೊದಲಿಗಿಂತ ಜೋರಾಗುವ ಅಪಾಯ. ಕೊರೊನಾ ಮೂಗು ಗಂಟಲಿನಲ್ಲೇ ಕೆಲವೇ ದಿನಗಳಲ್ಲಿ ಬೆಳೆದುಬಿಡುತ್ತದೆ. ದೇಹದ ನೆನಪು ಎಚ್ಚೆತ್ತು ಬರುವಷ್ಟರಲ್ಲಿ ನೆಗಡಿ ಜ್ವರ ಆಗಿಯೇ ಹೋಗಿರುತ್ತದೆ. ಆ ನೆನಪು ಶ್ವಾಸಕೋಶವನ್ನು ಕಾಯಬಹುದು, ಮೂಗನ್ನು ಕಾಯುವುದು ಕಷ್ಟ. ಜೊತೆಗೆ ಈ ವೈರಸ್ ವೇಷವನ್ನೂ ಬದಲಿಸುತ್ತದೆ. ಆದ್ದರಿಂದ ‘ಒಮ್ಮೆ ಬಂದರೆ ಮತ್ತೆ ಬಾರದು’ ಎಂಬುದು ಒಂದು ಕಾಯಿಲೆಯಲ್ಲಿ ಕಲಿತ ಸತ್ಯ. ಅದನ್ನು ಇನ್ನೊಂದಕ್ಕೆ ಸಾಗಿಸುವಾಗ ದಾರಿಯಲ್ಲಿ ಕೆಡಬಹುದು.

ತಮ್ಮನ ಉದಾಹರಣೆಯನ್ನೂ ಬಿಡಿಸಿದೆವು. ಕರ್ನಾಟಕದಲ್ಲಿ 2005ರಿಂದ 2010ರವರೆಗಿನ ಅಂಕಿಗಳ ಮೇಲೆ ನಡೆದ ಅಧ್ಯಯನದ ಪ್ರಕಾರ ಮಂಗನ ಕಾಯಿಲೆಯ ಲಸಿಕೆಯ ಎರಡು ಡೋಸ್‌ಗಳ ಪರಿಣಾಮ ಶೇ. 62.4, ಬೂಸ್ಟರ್ ಸೇರಿದರೆ ಶೇ. 82.9. ಅಂದರೆ ಲಸಿಕೆ ಇಲ್ಲದೆ ನೂರು ಜನ ಮಲಗುವ ಕಡೆ ಎರಡು ಡೋಸ್ ಪಡೆದವರಲ್ಲಿ ಮೂವತ್ತೆಂಟು ಮಂದಿ ಮಲಗುತ್ತಾರೆ. ತಮ್ಮ ಆ ಮೂವತ್ತೆಂಟರಲ್ಲಿ ಒಬ್ಬರು. ಮಲಗದ ಅರವತ್ತೆರಡು ಮಂದಿ ಯಾರೆಂದು ಯಾರಿಗೂ ಗೊತ್ತಾಗುವುದಿಲ್ಲ, ಅವರಿಗೇ ಗೊತ್ತಾಗುವುದಿಲ್ಲ. ಲಸಿಕೆ ಚುಚ್ಚುವವನ ಪಾಡು ಇದು. ಗೆದ್ದದ್ದಕ್ಕೆ ಸಾಕ್ಷಿ ಇರುವುದಿಲ್ಲ, ಸೋತದ್ದು ಜಗುಲಿಯಲ್ಲಿ ಎದುರಿಗೇ ಕುಳಿತಿರುತ್ತದೆ.

ಓದದೆ ಬಿಟ್ಟ ಮೂರನೆಯ ಭಾಗ

ಎರಡನೆಯ ತಿರುವು ಸೊಸೆಯಿಂದ ಬಂತು. ಗಂಡ ಕೆಂಪು ಗೆರೆ ಎಳೆದ ಪ್ರಬಂಧವನ್ನು ಕೊನೆಯವರೆಗೆ ಓದಿದ್ದು ಆ ಮನೆಯಲ್ಲಿ ಅವಳೊಬ್ಬಳೇ. ನಾನೂ ಓದಿರಲಿಲ್ಲ, ಒಪ್ಪಿಕೊಳ್ಳುತ್ತೇನೆ.

ಆ ಪ್ರಬಂಧದಲ್ಲಿ ಮೂರನೆಯ ಹೋಲಿಕೆಯೊಂದಿತ್ತು. ಸೋಂಕು ಬಂದು ಹೋಗಿ ಲಸಿಕೆ ಪಡೆಯದವರನ್ನು, ಸೋಂಕಿನ ಜೊತೆಗೆ ಒಂದು ಡೋಸ್ ಪಡೆದವರೊಂದಿಗೆ ಹೋಲಿಸಿದ ಭಾಗ. ಎರಡೂ ಗುಂಪಿನಲ್ಲಿ ತಲಾ 14,029 ಜನ. ಬರೀ ಸೋಂಕಿನವರಲ್ಲಿ 37 ಮಂದಿಗೆ ಮತ್ತೆ ಸೋಂಕು, ಒಂದು ಡೋಸ್ ಸೇರಿದವರಲ್ಲಿ 20 ಮಂದಿಗೆ. ಹೆಚ್ಚುಕಡಿಮೆ ಅರ್ಧ.

ನನ್ನ ಕೆಂಟಕಿಯ ಕಾಗದ ಹೇಳುತ್ತಿದ್ದದ್ದೂ ಅದನ್ನೇ. ಅಲ್ಲಿ ಹೋಲಿಸಿದ್ದು ಬಂದು ಹೋದವರನ್ನು ಬಂದು ಹೋದವರ ಜೊತೆಗೇ. ಇಸ್ರೇಲಿನ 13 ಪಟ್ಟು ಎಂಬುದು ಬಂದು ಹೋದವರನ್ನು ಬಾರದೆ ಲಸಿಕೆ ಪಡೆದವರ ಜೊತೆ ಹೋಲಿಸಿದ ಅಂಕಿ. ನಾವು ಎರಡು ವಾರ ಕಾದಾಡಿದ್ದು ಎರಡು ಬೇರೆ ಪ್ರಶ್ನೆಗಳ ಉತ್ತರಗಳನ್ನು ಒಂದೇ ಪ್ರಶ್ನೆಯ ಎದುರಾಳಿಗಳೆಂದು ತಿಳಿದು. ಒಂದೇ ಪ್ರಶ್ನೆಯನ್ನು ಮುಂದಿಟ್ಟಾಗ ಎರಡೂ ಕಾಗದ ಒಂದೇ ಕಡೆಗೆ ವಾಲುತ್ತಿದ್ದವು.

ಯಜಮಾನರು ಕನ್ನಡಕ ಒರೆಸಿಕೊಂಡರು. ‘ಹದಿನಾಲ್ಕು ಸಾವಿರದಲ್ಲಿ ಮೂವತ್ತೇಳು ಇದ್ದದ್ದು ಇಪ್ಪತ್ತಾಯಿತು. ಅರ್ಧ ಎಂದರೂ ಸರಿ, ಹದಿನೇಳು ಎಂದರೂ ಸರಿ. ನನ್ನ ಪಾಲಿಗೆ ಎಷ್ಟು?’ ಈ ಪ್ರಶ್ನೆಗೆ ಅವರನ್ನು ಇಂದಿಗೂ ಮೆಚ್ಚುತ್ತೇನೆ. ಲಾಭ ಇದೆ, ಸಣ್ಣದು, ಎಂದೆ. ಅಲ್ಲಿಯದು ಫೈಜರ್, ಶಾಲೆಯಲ್ಲಿ ಸಿಗುತ್ತಿದ್ದದ್ದು ಕೊವಿಶೀಲ್ಡ್, ಅಂಕಿಯನ್ನು ಹಾಗೆಯೇ ಎತ್ತಿ ಇಲ್ಲಿ ಇಡಲು ಬರುವುದಿಲ್ಲ ಎಂದೂ ಹೇಳಿದೆ. ರಕ್ತ ಹೆಪ್ಪುಗಟ್ಟುವ ತೊಂದರೆಯ ಬಗ್ಗೆ ಕೇಳಿದರು. ಅದು ನಿಜ, ಬಹಳ ಅಪರೂಪ, ಕಿರಿಯರಲ್ಲಿ ತುಸು ಹೆಚ್ಚು ಕಂಡಿದೆ, ಹಾಗಾಗಿ ಬ್ರಿಟನ್ನಿನಲ್ಲಿ 40ರ ಒಳಗಿನವರಿಗೆ ಸಾಧ್ಯವಿದ್ದ ಕಡೆ ಬೇರೆ ಲಸಿಕೆ ಕೊಡುತ್ತಿದ್ದಾರೆ ಎಂದೆ. ಮುಚ್ಚಿಟ್ಟಿದ್ದರೆ ಅಟ್ಟದಿಂದ ಇನ್ನೊಂದು ಕೆಂಪು ಗೆರೆ ಇಳಿದು ಬರುತ್ತಿತ್ತು, ಅದು ಬೇರೆ ಮಾತು.

ಇದರ ನಡುವೆ ಮಗ ಅಪ್ಪನ ರಕ್ತವನ್ನು ಖಾಸಗಿ ಪ್ರಯೋಗಾಲಯಕ್ಕೆ ಕಳಿಸಿ ಪ್ರತಿಕಾಯದ ವರದಿ ತರಿಸಿದ್ದ. ದೊಡ್ಡ ಸಂಖ್ಯೆ. ಮನೆಯವರೆಲ್ಲ ಅದನ್ನು ಪರೀಕ್ಷೆಯ ಅಂಕಪಟ್ಟಿಯಂತೆ ನೋಡಿದರು. ಆದರೆ ಪಾಸಾಗಲು ಎಷ್ಟು ಬೇಕು ಎಂಬುದನ್ನು ಯಾರೂ ನಿಗದಿ ಮಾಡಿರಲಿಲ್ಲ. ಒಂದು ಕಿಟ್‌ನ ಸಂಖ್ಯೆ ಇನ್ನೊಂದಕ್ಕೆ ಹೊಂದುವುದಿಲ್ಲ. ಕಾಲ ಕಳೆದಂತೆ ಸಂಖ್ಯೆ ಇಳಿಯುತ್ತದೆ, ಇಳಿದ ಮಾತ್ರಕ್ಕೆ ದೇಹದ ನೆನಪು ಅಳಿಯುವುದಿಲ್ಲ. ಆ ವರದಿಯಿಂದ ಪ್ರಯೋಗಾಲಯಕ್ಕೊಂದು ಬಿಲ್ಲು ಸಿಕ್ಕಿತು.

ಕೊನೆಗೆ ಯಜಮಾನರು ನಿರ್ಧರಿಸಿದ್ದು ತಾಯಿಯ ಕೋಣೆಯ ಬಾಗಿಲು ನೋಡಿ. ತಾಯಿಗೆ ಎರಡು ಡೋಸ್ ಆಗಿತ್ತು, ಆದರೆ 84ರ ದೇಹ ಲಸಿಕೆಗೆ ಎಷ್ಟು ಸ್ಪಂದಿಸಿದೆಯೆಂದು ಹೇಳಲಾಗದು. ಲಸಿಕೆ ಹರಡುವುದನ್ನು ಪೂರ್ತಿ ನಿಲ್ಲಿಸುವುದಿಲ್ಲ, ಕೆಲವು ತಿಂಗಳು ತಗ್ಗಿಸಬಹುದು ಅಷ್ಟೇ ಎಂದು ನಾನು ಹೇಳಿದ್ದೆ. ‘ಅಡಿಕೆ ಕೊನೆಕೊಯ್ಲಿಗೆ ಹತ್ತು ಜನ ಬರುತ್ತಾರೆ. ಅದು ಮುಗಿಯುವ ತನಕ ತಗ್ಗಿದರೂ ಸಾಕು’ ಎಂದರು. ಅಕ್ಟೋಬರ್ ಕೊನೆಯಲ್ಲಿ ಹೋಗಿ ಒಂದು ಡೋಸ್ ಹಾಕಿಸಿಕೊಂಡು ಬಂದರು. ಗುಣವಾದವರಿಗೆ ಒಂದೇ ಡೋಸ್ ಸಾಕೆಂದು ಫ್ರಾನ್ಸ್ ಆ ವರ್ಷದ ಆರಂಭದಲ್ಲೇ ಹೇಳಿತ್ತು. ನಮ್ಮಲ್ಲಿ ಪ್ರಮಾಣಪತ್ರಕ್ಕೆ ಎರಡು ಬೇಕು ಎಂಬುದು ಅವರಿಗೆ ಕೊನೆಯವರೆಗೂ ಸಿಟ್ಟಿನ ವಿಷಯವಾಗಿತ್ತು. ಆ ಸಿಟ್ಟು ನನಗೆ ತಪ್ಪೆನಿಸಲಿಲ್ಲ.

ಘಟ್ಟ ಇಳಿದ ಮಾತು

ಇಲ್ಲಿಗೇ ಮುಗಿದಿದ್ದರೆ ಇದನ್ನು ಬರೆಯುತ್ತಿರಲಿಲ್ಲ.

ಸೆಪ್ಟೆಂಬರ್‌ನಲ್ಲಿ, ಕಾಗದಗಳ ಕಾಳಗದ ಮಧ್ಯದಲ್ಲಿ, ಆ ಮನೆಯಲ್ಲೊಂದು ಶ್ರಾದ್ಧ ಇತ್ತು. ಅಂಕೋಲಾ ಕಡೆಯಿಂದ ಯಜಮಾನರ ಹೆಂಡತಿಯ ಅಣ್ಣ ಬಂದಿದ್ದರು. 54 ವರ್ಷ, ಕಿರಾಣಿ ಅಂಗಡಿ, ಹತ್ತು ವರ್ಷದ ಸಕ್ಕರೆ ಕಾಯಿಲೆ. ಎರಡೂ ಅಲೆಯಲ್ಲಿ ಅವರಿಗೆ ಸೋಂಕು ತಗಲಿದ ಲಕ್ಷಣವಿರಲಿಲ್ಲ. ಊಟದ ನಂತರ ಜಗುಲಿಯಲ್ಲಿ 13 ಪಟ್ಟಿನ ಮಾತು ನಡೆಯಿತು. ಯಜಮಾನರು, ‘ಬಂದು ಹೋದದ್ದರಿಂದ ಸಿಗುವ ಶಕ್ತಿಯೇ ಗಟ್ಟಿ’ ಎಂದರು. ಬಂದು ಹೋದವನಾಗಿ ತಮ್ಮ ಬಗ್ಗೆ ಅಂದದ್ದು ಅದು. ಅಣ್ಣನ ಕಿವಿಗೆ ಬಿದ್ದದ್ದು ಬೇರೆ: ಲಸಿಕೆಗಿಂತ ಕಾಯಿಲೆ ಬರುವುದೇ ಲೇಸು.

ಅವರು ವಿರೋಧಿಯೇನೂ ಆಗಿರಲಿಲ್ಲ. ಮುಂದೂಡಿದರು ಅಷ್ಟೆ. ದೀಪಾವಳಿ ಆಗಲಿ, ಅಂಗಡಿಯ ಲೆಕ್ಕ ಮುಗಿಯಲಿ. ನಮ್ಮ ಜಗುಲಿಯಲ್ಲಿ ನಾನು ಸೋಲೊಪ್ಪಿದ್ದು, ಸೊಸೆ ಮೂರನೆಯ ಭಾಗ ಓದಿದ್ದು, ಯಜಮಾನರು ಡೋಸ್ ಪಡೆದದ್ದು ಯಾವುದೂ ಅಂಕೋಲಾ ತಲುಪಲಿಲ್ಲ. ತಲುಪಿದ್ದು 13 ಎಂಬ ಅಂಕಿ ಮಾತ್ರ.

2022ರ ಜನವರಿಯಲ್ಲಿ ಕೊರೊನಾದ ಹೊಸ ತಳಿ ಓಮಿಕ್ರಾನ್ ಬಂತು. ತೋಟದ ಮನೆಯಲ್ಲಿ ಯಜಮಾನರಿಗೆ ಎರಡನೆಯ ಡೋಸ್‌ನ ದಿನ ಬರುವ ಮೊದಲೇ ಎರಡು ದಿನ ಜ್ವರ. ತಾಯಿಗೆ ಒಂದು ವಾರ ಕೆಮ್ಮು, ಮಗನಿಗೆ ಗಂಟಲು ನೋವು, ತಮ್ಮನಿಗೆ ಏನೂ ಇಲ್ಲ. ಇದರಿಂದ ಏನಾದರೂ ಸಾಬೀತಾಯಿತೇ? ಇಲ್ಲ. ಯಜಮಾನರ ಜ್ವರ ಎರಡೇ ದಿನಕ್ಕೆ ನಿಂತದ್ದು ಮೇ ತಿಂಗಳ ಸೋಂಕಿನಿಂದಲೋ, ಅಕ್ಟೋಬರ್‌ನ ಡೋಸ್‌ನಿಂದಲೋ, ಓಮಿಕ್ರಾನ್‌ನ ಗುಣದಿಂದಲೋ ಒಂದು ಮನೆಯನ್ನು ನೋಡಿ ಹೇಳಲಾಗದು. ಮಗ ಒಂದು ಕಾರಣ ಹೇಳಿದ, ಆಶಾ ಕಾರ್ಯಕರ್ತೆ ಇನ್ನೊಂದು. ನಾನು ಸುಮ್ಮನಿದ್ದೆ.

ಅಂಕೋಲಾದಲ್ಲಿ ಅದೇ ವೈರಸ್ ಬೇರೆ ರೀತಿ ಕುಳಿತಿತು. ಐದನೆಯ ದಿನಕ್ಕೆ ಉಸಿರು ಸಾಲದಾಯಿತು. ಕಾರವಾರಕ್ಕೆ ಒಯ್ದರು. ಒಂಬತ್ತು ದಿನ ಆಮ್ಲಜನಕ. ಸ್ಟೀರಾಯ್ಡ್ ಕೊಟ್ಟಾಗ ಸಕ್ಕರೆ 400 ದಾಟಿತು. ಮುಂದೆ ಮಣಿಪಾಲವೋ ಗೋವಾವೋ ಎಂದು ಮನೆಯವರು ಒಂದು ರಾತ್ರಿಯಿಡೀ ಫೋನಿನಲ್ಲಿ ಚರ್ಚಿಸಿದರು. ದೊಡ್ಡ ಕಾಯಿಲೆಯಾದರೆ ಜಿಲ್ಲೆಯ ಹೊರಗೇ ದಾರಿ ಹುಡುಕುವ ನಮ್ಮವರು ಅಪಾಯದ ಲೆಕ್ಕ ಹಾಕುವಾಗ ಆ ಕಿಲೋಮೀಟರುಗಳನ್ನೂ ಸೇರಿಸಬೇಕು, ಯಾವ ಪ್ರಬಂಧದಲ್ಲೂ ಅವು ಇರುವುದಿಲ್ಲ. ಹೋಗಬೇಕಾಗಲಿಲ್ಲ. ಬದುಕಿದರು. ಅಂಗಡಿಯ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು ನಿಲ್ಲಲು ಮೂರು ತಿಂಗಳು ಬೇಕಾಯಿತು. ಲಸಿಕೆ ಪಡೆದಿದ್ದರೆ ಹೀಗಾಗುತ್ತಿರಲಿಲ್ಲ ಎಂದು ಆಣೆ ಮಾಡಿ ಹೇಳಲಾರೆ. ಸಂಭವ ಬಹಳ ಕಡಿಮೆಯಿರುತ್ತಿತ್ತು ಎಂದು ಹೇಳಬಲ್ಲೆ.

ಫೆಬ್ರುವರಿಯಲ್ಲಿ ನಾನೂ ಯಜಮಾನರೂ ಅವರನ್ನು ನೋಡಲು ಹೋದೆವು. ಮರಳುವಾಗ ದೇವಿಮನೆ ಘಟ್ಟದ ತಿರುವಿನಲ್ಲಿ ಯಜಮಾನರು ಹೇಳಿದರು: ‘ಹಾಕಿಸಿಕೊಳ್ಳಬೇಡ ಎಂದು ನಾನು ಅವನಿಗೆ ಅಂದಿರಲಿಲ್ಲ.’ ನಿಜ, ಅಂದಿರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಮತ್ತೆ ಅಂದರು: ‘ಆ ಇಸ್ರೇಲಿನ ಪಟ್ಟಿಯಲ್ಲಿ ನಮ್ಮ ತೋಟದ ಆಚೆಯವನಂಥವರು ಇದ್ದರೇ?’

ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ. ಬಂದು ಹೋದವರ ಪಟ್ಟಿಗೆ ಸೇರಬೇಕಾದರೆ ಮೊದಲು ಬದುಕಿರಬೇಕು. ಮೇ ತಿಂಗಳಲ್ಲಿ ಹುಬ್ಬಳ್ಳಿಯಿಂದ ಮರಳದವರನ್ನು ಬಿಟ್ಟು ಎಣಿಕೆ ಶುರುವಾಗುತ್ತದೆ. ಯಜಮಾನರು ಆ ಬೆಲೆಯನ್ನು ಆಗಲೇ ತೆತ್ತಿದ್ದರು, ಹಾಗಾಗಿ ಅವರ ಲೆಕ್ಕದಲ್ಲಿ ಅದನ್ನು ಬಿಡಬಹುದಿತ್ತು. ಅಂಕೋಲಾದ ಅಣ್ಣ ಇನ್ನೂ ತೆತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಅದೇ ಮೊದಲ ಸಾಲು.

ಈ ಪ್ರಕರಣ ನನ್ನಲ್ಲಿ ಬದಲಿಸಿದ್ದು

ನನ್ನ ತಪ್ಪು ಎರಡು. ಮೊದಲನೆಯದು, ಅನುಭವಸ್ಥನ ಎದುರು ಅರ್ಧಸತ್ಯ ಹೇಳಿದ್ದು. ಅದನ್ನು ತಿದ್ದಿಕೊಂಡೆ. ಎರಡನೆಯದು ದೊಡ್ಡದು. ಯಜಮಾನರ ಪ್ರಶ್ನೆಯನ್ನು ಅಷ್ಟು ಜತನದಿಂದ ಬಿಡಿಸುವಾಗ ಜಗುಲಿಯಲ್ಲಿ ಇನ್ನು ಯಾರು ಕೇಳುತ್ತಿದ್ದಾರೆ ಎಂದು ನೋಡಲಿಲ್ಲ. ಶ್ರಾದ್ಧದ ದಿನ ನಾನೂ ಅಲ್ಲಿದ್ದೆ. ಅಪ್ಪೆಹುಳಿ ಚೆನ್ನಾಗಿತ್ತು, ಇನ್ನೊಂದು ಲೋಟ ಹಾಕಿಸಿಕೊಂಡೆ. ‘ಭಾವ, ನಿಮಗೆ ಬಂದು ಹೋಗಿದೆಯೇ?’ ಎಂದು ಆ ಅಣ್ಣನನ್ನು ಕೇಳಲಿಲ್ಲ. ಈಗ ಯಾರಾದರೂ ಈ ವಿಷಯ ಎತ್ತಿದರೆ ಮೊದಲು ಕೇಳುವುದು ಅದನ್ನೇ. ಉತ್ತರ ಸಿಗುವವರೆಗೆ ಯಾವ ಅಂಕಿಯನ್ನೂ ಹೊರತೆಗೆಯುವುದಿಲ್ಲ.

ನಂತರ ಬಂದ ಸಾಕ್ಷ್ಯವನ್ನೂ ಇಲ್ಲಿ ಇಡಬೇಕು, ಏಕೆಂದರೆ ಮಗ ಈಗಲೂ ಕೇಳುತ್ತಾನೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ ಓಮಿಕ್ರಾನ್ ಕಾಲದಲ್ಲಿ, ಒಂದು ವರ್ಷದ ನಂತರ, ಹಿಂದಿನ ಸೋಂಕೊಂದೇ ತೀವ್ರ ಕಾಯಿಲೆಯ ವಿರುದ್ಧ ಶೇ. 74.6 ರಕ್ಷಣೆ ಕೊಡುತ್ತಿತ್ತು. ಸೋಂಕು ಮತ್ತು ಲಸಿಕೆ ಎರಡೂ ಸೇರಿದರೆ ಶೇ. 97.4. ಮತ್ತೆ ಸೋಂಕು ತಗಲುವುದರ ವಿರುದ್ಧ ಎರಡೂ ಬಡ: ಕ್ರಮವಾಗಿ ಶೇ. 24.7 ಮತ್ತು 41.8. ಯಜಮಾನರು ಇದನ್ನು ನೋಡಿ, ‘ಹಾಗಾದರೆ ನಾನೂ ಸರಿ, ನೀನೂ ಸರಿ’ ಎಂದರು. ‘ಕರಪತ್ರ ಮಾತ್ರ ತಪ್ಪು’ ಎಂದೆ.

2022ರ ನಂತರ ಮಂಗನ ಕಾಯಿಲೆಯ ಹಳೆಯ ಲಸಿಕೆ ನಿಂತುಹೋಯಿತು. ಅದರ ಸಾಮರ್ಥ್ಯವೇ ಸಾಲದು ಎಂದಾಯಿತು. 2024ರ ಆರಂಭದಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಕಾಯಿಲೆ ಮತ್ತೆ ಹೆಚ್ಚಿದಾಗ ಒಂದು ಬೆಳಿಗ್ಗೆ ಯಜಮಾನರ ಫೋನ್ ಬಂತು.

‘ನನಗೂ ತಮ್ಮನಿಗೂ ಬಂದು ಹೋಗಿದೆ, ನಮ್ಮದು ಬಿಡು. ಮಗ, ಸೊಸೆ, ದರಕು ಗುಡಿಸಲು ಬರುವವರು, ಇವರಿಗೆ ಯಾರಿಗೂ ಬಂದಿಲ್ಲ. ಹೊಸ ಲಸಿಕೆ ಬಂತೇ?’

ಇನ್ನೂ ಇಲ್ಲ ಎಂದೆ. ಸಂಜೆ ಹೋದಾಗ, ಆರೋಗ್ಯ ಕೇಂದ್ರದಲ್ಲಿ ಕೊಡುವ, ಉಣುಗು ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿಗಳು ಜಗುಲಿಯ ಕಂಬದ ಪಕ್ಕ ಸಾಲಾಗಿ ನಿಂತಿದ್ದವು. ಬೆಟ್ಟಕ್ಕೆ ಹೋಗುವವರು ಕೈಕಾಲಿಗೆ ಹಚ್ಚಿಕೊಂಡ ಮೇಲೆಯೇ ಕತ್ತಿ ಎತ್ತಿಕೊಳ್ಳಬೇಕೆಂದು ಯಜಮಾನರು ಕತ್ತಿಗಳನ್ನೂ ಅಲ್ಲಿಯೇ, ಬಾಟಲಿಗಳ ಹಿಂದೆ ಇಡಿಸಿದ್ದರು.